ಜಾಗ ಬಿಟ್ಟು ನಿಂತವರು

ಫೋಟೋದಲ್ಲಿ ಇರುವವರೆಲ್ಲ ಮನೆಗೆ ಬಂದವರೇ ಎಂದು ನಂಬುವುದಾದರೆ, ಇಷ್ಟು ಒಗ್ಗಟ್ಟಿನ ಕುಟುಂಬ ದೀಪ ಹಿಡಿದು ಹುಡುಕಿದರೂ ಇನ್ನೊಂದು ಸಿಗಲಿಕ್ಕಿಲ್ಲ. ಪ್ರತಿ ಕ್ರಿಸ್‌ಮಸ್‌ಗೂ ಒಂದು ಗುಂಪು ಫೋಟೋ. ಪ್ರತಿ ಫೋಟೋದಲ್ಲೂ ಕುರ್ಚಿಯಲ್ಲಿ ಅಮ್ಮ, ಸುತ್ತ ನಾಲ್ಕು ಮಕ್ಕಳು, ಹಿಂದೆ ಅದೇ ಬೂದು ಪರದೆ. ಒಂದು ವರ್ಷವೂ ಒಬ್ಬರೂ ತಪ್ಪಿಲ್ಲ. ಪಕ್ಕದ ಔಷಧಿ ಅಂಗಡಿಯವನು ಒಮ್ಮೆ ಆಲ್ಬಮ್ ತಿರುವಿ ಹಾಕಿ, "ನಮ್ಮನೇಲಿ ಗಂಡ ಹೆಂಡತಿ ಒಂದೇ ಹೊತ್ತಿಗೆ ಊಟಕ್ಕೆ ಕೂರೋದೇ ಕಷ್ಟ. ನಿಮ್ಮದು ಪುಣ್ಯ ಮಾಡಿದ ಮನೆ ಬಿಡಿ ಅಕ್ಕ" ಎಂದು ನಿಟ್ಟುಸಿರು ಬಿಟ್ಟಿದ್ದ. ಗದ್ದದಕ್ಕ ತುಟಿ ಪಿಟಕ್ ಎನ್ನದೆ ಅವನ ಪಾಸ್‌ಪೋರ್ಟ್ ಫೋಟೋಗಳನ್ನು ಕವರಿಗೆ ತುಂಬಿ ಕೊಟ್ಟಳು. ಕಸುಬಿನ ಗುಟ್ಟನ್ನು ಪಕ್ಕದ ಅಂಗಡಿಯವನ ಕಿವಿಗೆ ಹಾಕುವಷ್ಟು ಪೆದ್ದಿ ಅವಳಲ್ಲ.

ಗದ್ದದಕ್ಕ ಎನ್ನುವುದು ಬೀದಿ ಇಟ್ಟ ಹೆಸರು. ಸ್ಟುಡಿಯೋ ಸ್ಟೂಲಿನ ಮೇಲೆ ಕುಳಿತವರು ಯಾರೇ ಆಗಿರಲಿ, ಬ್ಯಾಂಕ್ ಮ್ಯಾನೇಜರಾಗಲಿ, ಹಾಲು ಹಾಕುವವನಾಗಲಿ, "ಗದ್ದ ಸ್ವಲ್ಪ ಮೇಲೆ" ಎನ್ನದೆ ಅವಳು ಬಟನ್ ಒತ್ತಿದ್ದೇ ಇಲ್ಲ. ನಾಲ್ವರಲ್ಲಿ ಎರಡನೆಯವಳು. ಮೂವರು ರೆಕ್ಕೆ ಬಲಿತು ಹಾರಿಹೋದರು, ಇವಳು ಅಪ್ಪನ ಕ್ಯಾಮೆರಾ ಹಿಡಿದು ಅಲ್ಲೇ ಉಳಿದಳು. ಮುಂದೆ ಸ್ಟುಡಿಯೋ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲಿನಿಂದ ದಿನಕ್ಕೆ ಎಷ್ಟೋ ಸಲ ಅಮ್ಮನ ದನಿ ತೂರಿಬರುತ್ತದೆ. ಮದುವೆ ಜೋಡಿಯ ಫೋಟೋ ತೆಗೆಯುವಾಗಲೇ "ಗ್ಯಾಸ್ ಆಫ್ ಮಾಡಿದ್ಯೇನೇ?" ಎಂದು ಕೂಗುವುದು ಅಮ್ಮನ ಹುಟ್ಟುಗುಣ.

ಗುಂಪು ಫೋಟೋದ ಗುಟ್ಟು ಶುರುವಾದದ್ದು ಅಪ್ಪನಿಂದ. ದೊಡ್ಡಕ್ಕ ನರ್ಸ್ ಆಗಿ ದೂರದ ಆಸ್ಪತ್ರೆ ಸೇರಿದ ವರ್ಷ ಅವಳಿಗೆ ಕ್ರಿಸ್‌ಮಸ್ ರಜೆ ಸಿಗಲಿಲ್ಲ. ಅಮ್ಮನ ಮುಖ ಸಪ್ಪಗಾದದ್ದು ನೋಡಲಾರದೆ ಅಪ್ಪ ಒಂದು ಉಪಾಯ ಹೂಡಿದ. ಎಲ್ಲರನ್ನೂ ಪರದೆಯ ಮುಂದೆ ನಿಲ್ಲಿಸಿ, "ಇಲ್ಲಿ ಒಬ್ಬಳಿಗೆ ಜಾಗ ಬಿಡಿ" ಎಂದು ನಡುವೆ ಒಂದಾಳು ಹಿಡಿಯುವಷ್ಟು ಖಾಲಿ ಬಿಡಿಸಿ ಫೋಟೋ ತೆಗೆದ. ದೊಡ್ಡಕ್ಕನಿಗೆ ಪತ್ರ ಹೋಯಿತು: ಬಿಳಿ ಗೋಡೆಯ ಮುಂದೆ ನಿಲ್ಲು, ಬೆಳಕು ಎಡಗಡೆಯಿಂದ ಬೀಳಲಿ, ಕೈ ಮೈಗೆ ಅಂಟಿರಲಿ. ಫೋಟೋ ಬಂತು. ಅದನ್ನು ಕತ್ತರಿಸಿದವಳು ಅಮ್ಮ. ಉಗುರು ಕತ್ತರಿಸುವ ಬಾಗಿದ ಪುಟ್ಟ ಕತ್ತರಿಯಲ್ಲಿ ಒಂದೊಂದು ಕಿವಿಯ ಸುತ್ತ, ಒಂದೊಂದು ಬೆರಳಿನ ಸುತ್ತ ಅಮ್ಮ ಕತ್ತರಿ ಓಡಿಸುತ್ತಿದ್ದಳೆಂದರೆ ಅಪ್ಪ ಕೂಡ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಅಂಟಿಸಿ, ಅಂಚಿಗೆ ಕುಂಚದಿಂದ ಬಣ್ಣ ತೀಡಿ, ಮತ್ತೊಮ್ಮೆ ಫೋಟೋ ತೆಗೆದರೆ ಮುಗಿಯಿತು. ದೊಡ್ಡಕ್ಕ ಮನೆಗೆ ಬಂದು ನಿಂತೇಬಿಟ್ಟಳು.

ಆಮೇಲೆ ತಮ್ಮ ಸರಕು ಹಡಗಿನಲ್ಲಿ ಅಡುಗೆಯವನಾದ. ಪುಟ್ಟಿ ದೂರದ ಶಾಲೆಯೊಂದರಲ್ಲಿ ಟೀಚರಾದಳು. (ಅವಳಿಗೀಗ ತಲೆಯಲ್ಲಿ ಅರ್ಧ ಬೆಳ್ಳಿ, ಆದರೂ ಮನೆಯಲ್ಲಿ ಪುಟ್ಟಿಯೇ.) ಜಾಗ ಬಿಡುವುದು ಮನೆಯ ರೂಢಿಯಾಯಿತು. ಎಡವಟ್ಟುಗಳೂ ಕಡಿಮೆಯೇನಲ್ಲ. ಒಂದು ವರ್ಷ ತಮ್ಮನ ತಲೆ ಅಪ್ಪನ ತಲೆಗಿಂತ ದೊಡ್ಡದಾಗಿ, ಹುಡುಗನಿಗೆ ಹಡಗಿನಲ್ಲಿ ಊಟ ಜೋರು ಎಂದು ಬೀದಿಯೆಲ್ಲ ಮಾತಾಯಿತು. ಆದರೆ ಒಂದು ಕಟ್ಟುನಿಟ್ಟು ಮಾತ್ರ ಇತ್ತು. ಅಪ್ಪ ತೀರಿಕೊಂಡ ವರ್ಷ ಗದ್ದದಕ್ಕ ಹಳೆಯ ಫೋಟೋದಿಂದ ಅಪ್ಪನನ್ನು ಎತ್ತಿ ಇಡಲೇ ಎಂದು ಕೇಳಿದಾಗ ಅಮ್ಮ ತಲೆ ಅಲ್ಲಾಡಿಸಿದಳು. "ಬರೋಕೆ ಆಗದೇ ಇದ್ದೋರನ್ನ ಅಂಟಿಸಬಹುದು ಕಣೇ. ಹೋದೋರನ್ನ ಅಂಟಿಸಬಾರದು." ಅಲ್ಲಿಗೆ ಆ ಮಾತು ಮುಗಿಯಿತು. ಕತ್ತರಿ ಹೋಗಿ ಕಂಪ್ಯೂಟರ್ ಬಂದ ಮೇಲೂ ಗದ್ದದಕ್ಕ ಆ ಮಾತು ಮೀರಿರಲಿಲ್ಲ.

ಈ ವರ್ಷ ಚಳಿ ಶುರುವಾಗುತ್ತಿದ್ದಂತೆ ಅವಳಿಗೊಂದು ಹುಕಿ ಬಂತು. ಹಳೆಯ ಕ್ರಿಸ್‌ಮಸ್ ಫೋಟೋಗಳನ್ನೆಲ್ಲ ಸ್ಕ್ಯಾನ್ ಮಾಡಿ ಭಾನುವಾರಕ್ಕೊಂದರಂತೆ ಮನೆಯ ಗ್ರೂಪಿಗೆ ಹಾಕತೊಡಗಿದಳು. ಹಾಕಿದ ಕೂಡಲೇ ಎಲ್ಲರೂ ವಿಡಿಯೋ ಕಾಲ್‌ಗೆ ಬಂದು ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಿದ್ದರು. ಅಮ್ಮ ಫೋನಿನಲ್ಲಿ ಕಾಣದ ಹಾಗೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದಳು.

ಒಂದು ಭಾನುವಾರದ ಫೋಟೋದಲ್ಲಿ ಎಲ್ಲರೂ ಸ್ವೆಟರ್ ಹಾಕಿದ್ದರೆ ತಮ್ಮನೊಬ್ಬ ಅರ್ಧ ತೋಳಿನ ಅಂಗಿಯಲ್ಲಿ ಮಿಂಚುತ್ತಿದ್ದ.

"ಆ ವರ್ಷ ಏನು ಸೆಕೆ ಅಂತೀನಿ!" ಎಂದ ತಮ್ಮ ಹಡಗಿನ ಅಡುಗೆಮನೆಯಿಂದ. "ನಾನು ಕೇಕ್ ಮೇಲೆ ಪೂರ್ತಿ ಟೀ ಚೆಲ್ಲಿದ್ದು ಅದೇ ವರ್ಷ ಅಲ್ವಾ?"

"ಅದೇ ಅದೇ! ನನ್ನ ಹೊಸ ಬಿಳಿ ಬಟ್ಟೆಗೂ ಹಾರಿತ್ತಲ್ಲೋ, ಮರೆಯೋಕಾಗುತ್ತಾ?" ಎಂದಳು ಪುಟ್ಟಿ.

"ಇಬ್ಬರೂ ನಗ್ತಾ ನಿಂತಿದ್ರಿ. ನೆಲ ಒರೆಸಿದವಳು ನಾನು" ಎಂದಳು ದೊಡ್ಡಕ್ಕ.

ಅಮ್ಮ ಬಟಾಣಿ ಬಟ್ಟಲು ಪಕ್ಕಕ್ಕಿಟ್ಟು ಕೂತಲ್ಲಿಂದಲೇ ದನಿ ಏರಿಸಿದಳು. "ಟೀ ಚೆಲ್ಲಿದ್ದು ನಿಮ್ಮಪ್ಪ. ನಾನು ಪತ್ರದಲ್ಲಿ ಬರೆದಿದ್ದೆ, ನೀವು ಓದಿ ನಕ್ಕಿದ್ರಿ. ಆ ವರ್ಷ ನಿಮ್ಮಲ್ಲಿ ಒಬ್ಬರೂ ಈ ಹೊಸಿಲು ತುಳಿದಿಲ್ಲ."

"ಏನಮ್ಮ ನೀನು, ಫೋಟೋ ಇಲ್ಲೇ ಇದೆಯಲ್ಲ!" ಎಂದ ತಮ್ಮ.

"ನನ್ನ ಕಿವಿಗೇ ಹೂವಾ? ಮೂವರನ್ನೂ ಕತ್ತರಿಸಿದವಳು ನಾನು ಕಣೋ. ನಿನ್ನ ಎಡಗಿವಿ ಬಲಗಿವಿಗಿಂತ ಚೂರು ದೊಡ್ಡದು ಅಂತ ನಿನಗೆ ಗೊತ್ತಾ? ನನಗೆ ಗೊತ್ತು."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮ ಕಿವಿ ಮುಟ್ಟಿ ನೋಡಿಕೊಂಡ. ಗದ್ದದಕ್ಕನೂ ನಕ್ಕಳು, ಆದರೆ ಅವಳೊಳಗೆ ಏನೋ ಚುರ್ ಎಂದಿತು. ಮೂವರೂ ಸುಳ್ಳು ಹೇಳುತ್ತಿರಲಿಲ್ಲ. ನಿಜವಾಗಿಯೂ ಬಂದಿದ್ದೆವೆಂದೇ ಅವರು ನಂಬಿದ್ದರು. ನಾಲ್ವರೂ ಒಟ್ಟಿಗೆ ಅಮ್ಮನ ಮುಂದೆ ನಿಂತದ್ದು ಅಪ್ಪ ಇದ್ದ ಕಾಲದಲ್ಲಿ. ಆಮೇಲೆ ಒಬ್ಬರು ಬಂದರೆ ಇನ್ನೊಬ್ಬರಿಲ್ಲ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ.

ನಗು ಇಳಿದ ಮೇಲೆ ಅಮ್ಮ ಕೇಳಿದಳು. "ಈ ಸಲ ಯಾರ್ಯಾರು ಬರ್ತೀರಿ?"

ದೊಡ್ಡಕ್ಕನಿಗೆ ಡ್ಯೂಟಿ. ತಮ್ಮನ ಹಡಗು ಎಲ್ಲಿರುತ್ತದೋ ಕ್ಯಾಪ್ಟನ್‌ಗೂ ಗೊತ್ತಿಲ್ಲ. ಪುಟ್ಟಿಗೆ ಪರೀಕ್ಷೆ ಪೇಪರು. "ನಮ್ಮ ಫೋಟೋ ಕಳಿಸ್ತೀವಲ್ಲಮ್ಮ" ಎಂದು ಮೂವರೂ ಒಂದೇ ಉಸಿರಿನಲ್ಲಿ ಹೇಳಿದರು.

"ಹಾಗಾದ್ರೆ ನಾನೂ ಕೂರಲ್ಲ" ಎಂದಳು ಅಮ್ಮ. "ಎಲ್ಲರೂ ಬಂದರೆ ಕೂರ್ತೀನಿ. ಇಲ್ಲಾಂದ್ರೆ ನನ್ನನ್ನೂ ಅಂಟಿಸಿಕೊಳ್ಳಿ."

ಅದಕ್ಕೂ ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ, ಮತ್ತೆ ಬಟಾಣಿ ಬಟ್ಟಲು ಎತ್ತಿಕೊಂಡಳು.

ಅಮ್ಮನ ಹಠ ಗೊತ್ತಿದ್ದವಳು ಗದ್ದದಕ್ಕ ಒಬ್ಬಳೇ. ಡಿಸೆಂಬರ್ ಬಂತು. ಸ್ಟುಡಿಯೋ ಕಿಟಕಿಗೆ ನಕ್ಷತ್ರ ಕಟ್ಟಿದ್ದಾಯಿತು, ಮೂಲೆಯಲ್ಲಿ ಪುಟ್ಟ ಮರ ನಿಲ್ಲಿಸಿದ್ದಾಯಿತು. ಪರದೆ ಇಸ್ತ್ರಿ ಮಾಡಿ, ಕುರ್ಚಿ ಒರೆಸಿ, ಅಮ್ಮನ ಒಳ್ಳೆಯ ಶಾಲು ತಂದಿಟ್ಟು ಪೂಸಿ ಹೊಡೆದದ್ದೂ ಆಯಿತು. ಅಮ್ಮ ಜಗ್ಗಲಿಲ್ಲ. "ಶಾಲು ಚೆನ್ನಾಗಿದೆ, ನೀನೇ ಹೊದ್ದುಕೋ" ಎಂದಳು. ಅತ್ತ ಮೂವರ ಫೋಟೋಗಳೂ ಬಂದು ಕೂತವು. ದೊಡ್ಡಕ್ಕ ಆಸ್ಪತ್ರೆ ಗೋಡೆಯ ಮುಂದೆ, ತಮ್ಮ ಹಡಗಿನ ಕಬ್ಬಿಣದ ಬಾಗಿಲ ಮುಂದೆ, ಪುಟ್ಟಿ ಸ್ಟಾಫ್ ರೂಮಿನಲ್ಲಿ. ಬೆಳಕು ಎಡಗಡೆಯಿಂದ, ಕೈ ಮೈಗೆ ಅಂಟಿಸಿ, ಅಪ್ಪ ಹೇಳಿಕೊಟ್ಟ ಹಾಗೇ. ಗ್ರೂಪಿನಲ್ಲಿ ಒಂದೇ ಸಮ ವರಾತ: ಫೋಟೋ ಎಲ್ಲಿ, ಫೋಟೋ ಎಲ್ಲಿ?

ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಗದ್ದದಕ್ಕ ಸೋತಳು. ಅಮ್ಮ ಒಳಗೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಇವಳು ಕಂಪ್ಯೂಟರ್ ಮುಂದೆ ಕೂತು, ಕೆಲವು ವರ್ಷ ಹಿಂದಿನ ಫೋಟೋ ಒಂದನ್ನು ತೆರೆದು, ಅಲ್ಲಿಂದ ಅಮ್ಮನನ್ನು ಎತ್ತಿ ಈ ವರ್ಷದ ಕುರ್ಚಿಯಲ್ಲಿ ಕೂರಿಸಿದಳು. ಶಾಲಿನ ಅಂಚು ತೀಡಿದಳು, ನೆರಳು ಹಾಕಿದಳು. ಕೆಲಸ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಮುಗಿದುಹೋಯಿತು. ಅಷ್ಟು ಸಲೀಸಾಗಿದ್ದೇ ಅವಳಿಗೆ ಹೆದರಿಕೆ ತಂದಿತು. ಮುಂದಿನ ವರ್ಷವೂ ಹೀಗೇ ಮಾಡಬಹುದು, ಅದರ ಮುಂದಿನ ವರ್ಷವೂ. ಒಳಗೆ ಆ ಕುರ್ಚಿ ಖಾಲಿಯಾದ ಮೇಲೂ ಅಮ್ಮ ಪ್ರತಿ ಕ್ರಿಸ್‌ಮಸ್‌ಗೆ ನಗುತ್ತ ಕೂತಿರಬಹುದು. ಅವಳು ಎದ್ದು ಹೋಗಿ ಬಾಗಿಲಲ್ಲಿ ಇಣುಕಿದಳು. ಅಮ್ಮನ ಗೊರಕೆ ಕೇಳಿದ ಮೇಲೆಯೇ ಅವಳ ಜೀವ ತಣ್ಣಗಾಯಿತು.

ಆದರೂ ಕಳಿಸಿದಳು. ಯಾರಾದರೊಬ್ಬರು ಹಿಡಿದೇ ಹಿಡಿಯುತ್ತಾರೆ ಎಂಬ ನಂಬಿಕೆಯಿತ್ತು. ಹೆತ್ತ ತಾಯಿಯ ಮುಖ, ಗೊತ್ತಾಗದೇ ಇರುತ್ತದೆಯೇ?

"ಅಂತೂ ಅಮ್ಮ ಕೂತಳು! ಹಠ ಎಲ್ಲ ಬಾಯಿಮಾತಿಗೆ ಅಷ್ಟೇ" ಎಂದು ಪುಟ್ಟಿಯ ಸಂದೇಶ ಬಂತು.

"ಏನು ಕಳೆ ಬಂದಿದೆ ಅಮ್ಮನಿಗೆ" ಎಂದು ತಮ್ಮ ಬರೆದ.

ದೊಡ್ಡಕ್ಕ ನರ್ಸ್ ತಾನೇ, ಅವಳದು ವೈದ್ಯಕೀಯ ತೀರ್ಪು: "ಕೆನ್ನೆ ತುಂಬಿಕೊಂಡಿದೆ. ಹೋದ ವರ್ಷಕ್ಕಿಂತ ಎಷ್ಟೋ ವಾಸಿ. ನೀನು ಚೆನ್ನಾಗಿ ನೋಡಿಕೊಳ್ತಿದ್ದೀಯ."

ಗದ್ದದಕ್ಕನಿಗೆ ಕೋಪ ಬರುವುದೇ ಅಪರೂಪ, ಬಂದರೆ ನೆತ್ತಿಗೇ ಏರುತ್ತದೆ. ಫೋನ್ ಹಿಡಿದು ಒಳಗೆ ಹೋದಳು. ತೂಕಡಿಸುತ್ತಿದ್ದ ಅಮ್ಮನ ಫೋಟೋವನ್ನು ಇದ್ದ ಹಾಗೇ ತೆಗೆದಳು: ಕುಸಿದ ಕೆನ್ನೆ, ಮುಂದಿನ ಹಲ್ಲೆರಡು ಇಲ್ಲದ ಬಾಯಿ, ತೊಡೆಯ ಮೇಲೆ ಅಡ್ಡ ಮಲಗಿದ ಊರುಗೋಲು. ಎಡಗಡೆ ಬೆಳಕು, ಗದ್ದ ಮೇಲೆ ಎಂಬುದೊಂದೂ ಇಲ್ಲ. ಅದನ್ನು ಕಳಿಸಿ ಕೆಳಗೆ ಬರೆದಳು.

"ಇದು ಇವತ್ತಿನ ಅಮ್ಮ. ಮೇಲಿನದು ಹಳೇ ಅಮ್ಮ, ನಾನು ಅಂಟಿಸಿದ್ದು. ನಿಮಗೆ ಮೂವರಿಗೂ ಗೊತ್ತಾಗಲಿಲ್ಲ. ನಾಳೆ ಅಮ್ಮ ಇಲ್ಲದೇ ಹೋದ್ರೂ ಪ್ರತಿ ವರ್ಷ ಹೀಗೇ ಮಾಡಿ ಕಳಿಸಬಲ್ಲೆ. ಆಗಲೂ ನಿಮಗೆ ಗೊತ್ತಾಗಲ್ಲ. ಬೇಕಾ?"

ಯಾವಾಗಲೂ ಸಂತೆಯಂತಿರುತ್ತಿದ್ದ ಗ್ರೂಪಿನಲ್ಲಿ ಗಪ್‌ಚುಪ್. ಗದ್ದದಕ್ಕ ಬರೆದದ್ದು ಹೆಚ್ಚಾಯಿತೇನೋ ಎಂದು ಕೈ ಹಿಸುಕಿಕೊಳ್ಳುತ್ತ ಓಡಾಡಿದಳು. ಯಾರದೋ ಲೈಸೆನ್ಸ್ ಫೋಟೋ ತೆಗೆಯುವಾಗ ಗದ್ದ ಮೇಲೆ ಎನ್ನುವುದನ್ನೂ ಮರೆತಳು. ಸಂಜೆ ದೊಡ್ಡಕ್ಕನ ಫೋನ್ ಬಂತು. ಮೊದಲು ಬೈಗುಳ, ಆಮೇಲೆ ಅಳು.

"ಇಷ್ಟು ಇಳಿದುಹೋಗಿದ್ದಾಳೆ, ನನಗೊಂದು ಮಾತು ಹೇಳಬಾರದಿತ್ತೇನೇ?"

"ಎರಡು ಸಲ ಹೇಳಿದೆ. ಎರಡು ಸಲವೂ ನೀನು, ಒಂದು ಫೋಟೋ ಕಳಿಸು ನೋಡ್ತೀನಿ ಅಂದೆ."

ಆ ಕಡೆ ಮೂಗು ಸೀಟುವ ಸದ್ದು ಮಾತ್ರ ಕೇಳಿತು.

ಕ್ರಿಸ್‌ಮಸ್ ಕ್ರಿಸ್‌ಮಸ್ಸಿನ ಪಾಡಿಗೆ ಕಳೆದುಹೋಯಿತು. ರಜೆಗಳೇನು ಮರದಲ್ಲಿ ಬಿಡುತ್ತವೆಯೇ, ಕೈ ಚಾಚಿದ ಕೂಡಲೇ ಉದುರಲಿಕ್ಕೆ? ದೊಡ್ಡಕ್ಕ ಮೇಟ್ರನ್ ಜೊತೆ ಜಗಳವಾಡಿದಳು. ತಮ್ಮ ಕ್ಯಾಪ್ಟನ್‌ಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಡಿಸಿದ. ಪುಟ್ಟಿ ಪೇಪರಿನ ಕಟ್ಟನ್ನೇ ಸೂಟ್‌ಕೇಸಿಗೆ ತುರುಕಿದಳು. ಅಂತೂ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಮೂವರೂ ಒಂದೇ ಟ್ಯಾಕ್ಸಿಯಿಂದ ಇಳಿದರು. ಅಮ್ಮನಿಗೆ ಮುಂಚೆ ಹೇಳಿರಲಿಲ್ಲ. ಊರುಗೋಲು ಕುಟ್ಟುತ್ತ ಬಾಗಿಲಿಗೆ ಬಂದ ಅಮ್ಮ ಒಬ್ಬೊಬ್ಬರನ್ನೇ ಮೇಲಿಂದ ಕೆಳಗೆ ನೋಡಿದಳು.

"ಯಾರು ಸತ್ತರು ಅಂತ ಎಲ್ಲ ಒಟ್ಟಿಗೆ ಬಂದಿದ್ದೀರಿ?" ಎಂದಳು.

ಹೇಳುವಷ್ಟು ಹೇಳಿ, ತಮ್ಮನ ಎಡಗಿವಿ ಹಿಡಿದುಕೊಂಡವಳು ಬಿಡಲೇ ಇಲ್ಲ. ಅವನು ಬಗ್ಗಿದವನು ಬಗ್ಗಿಯೇ ಇದ್ದ. ನಲವತ್ತೆಂಟರ ಗಂಡಸು, ಇಡೀ ಹಡಗಿಗೆ ಅಡುಗೆ ಮಾಡಿ ಬಡಿಸುವವನು, ಹೊಸಿಲ ಮೇಲೆ ನಿಂತು ಗೊಳೋ ಎಂದು ಅತ್ತುಬಿಟ್ಟ.

ಆ ಮನೆಯಲ್ಲಿ ಅವತ್ತು ಮಾರ್ಚ್‌ನಲ್ಲೇ ಕ್ರಿಸ್‌ಮಸ್. ಅಟ್ಟದಿಂದ ನಕ್ಷತ್ರ ಇಳಿಯಿತು, ಮರ ಮತ್ತೆ ಮೂಲೆ ಸೇರಿತು. ಔಷಧಿ ಅಂಗಡಿಯವನು ಬಂದು, "ಏನಕ್ಕಾ, ಕ್ಯಾಲೆಂಡರ್ ಉಲ್ಟಾ ತೂಗುಹಾಕಿದ್ದೀರಾ?" ಎಂದು ಕೇಳಿ ಒಂದು ತುಂಡು ಕೇಕ್ ಗಿಟ್ಟಿಸಿಕೊಂಡು ಹೋದ. ಅಡುಗೆಮನೆಯಲ್ಲಿ ತಮ್ಮನಿಗೂ ದೊಡ್ಡಕ್ಕನಿಗೂ ಉಪ್ಪಿನ ವಿಷಯಕ್ಕೆ ಜಟಾಪಟಿ. ಪುಟ್ಟಿ ಬಚ್ಚಲುಮನೆ ಹಿಡಿದು ಕೂತು ಎಲ್ಲರ ಬಾಯಿಗೂ ಬಿದ್ದಳು. ಫೋಟೋಗಳಲ್ಲಿ ಇಂಥ ಗದ್ದಲ ಇರುತ್ತಿರಲಿಲ್ಲ, ಗದ್ದದಕ್ಕನಿಗೆ ಒಂದೇ ದಿನಕ್ಕೆ ತಲೆ ಚಿಟ್ಟು ಹಿಡಿಯಿತು. ಅಷ್ಟೇ ಸುಖವೂ ಆಯಿತು.

ಊಟಕ್ಕೆ ಮುಂಚೆ ಎಲ್ಲರನ್ನೂ ಪರದೆಯ ಮುಂದೆ ನಿಲ್ಲಿಸಿದಳು. ಈ ಸಲ ಅಮ್ಮ ತಾನೇ ಶಾಲು ಹೊದ್ದು ಎಲ್ಲರಿಗಿಂತ ಮೊದಲು ಕುರ್ಚಿಯಲ್ಲಿ ಕೂತಳು. ಗದ್ದದಕ್ಕ ಕ್ಯಾಮೆರಾಕ್ಕೆ ಕಣ್ಣಿಟ್ಟಳು, ತಕ್ಷಣ ಕಣ್ಣು ತೆಗೆದಳು. ದೊಡ್ಡಕ್ಕ ಅಮ್ಮನಿಂದ ಮಾರು ದೂರ. ಅವಳಿಂದಾಚೆಗೆ ಒಂದಾಳು ಹಿಡಿಯುವಷ್ಟು ಖಾಲಿ ಬಿಟ್ಟು ಪುಟ್ಟಿ. ಇನ್ನೊಂದಾಳಿನ ಜಾಗ ಬಿಟ್ಟು ತಮ್ಮ. ಮೂವರೂ ಕೈಗಳನ್ನು ಮೈಗೆ ಅಂಟಿಸಿಕೊಂಡು, ನೆಟ್ಟಗೆ ಕ್ಯಾಮೆರಾವನ್ನೇ ನೋಡುತ್ತಿದ್ದರು.

"ಏನ್ರೋ ಅದು, ನಡುವೆ ಯಾರು ಬರಬೇಕು ಇನ್ನು?" ಎಂದು ಅಮ್ಮ ಕೇಳಿದಳು.

ಮೂವರೂ ಅಕ್ಕಪಕ್ಕ ನೋಡಿಕೊಂಡರು. ಯಾರಿಗೂ ತಾವು ಜಾಗ ಬಿಟ್ಟದ್ದೇ ಗೊತ್ತಿರಲಿಲ್ಲ. ಪುಟ್ಟಿಯ ಮುಖ ಸಣ್ಣಗಾಯಿತು.

"ಬನ್ನಿ ಹತ್ತಿರ. ಇನ್ನೂ ಹತ್ತಿರ. ನಾನೇನು ಕಚ್ತೀನಾ? ಕಚ್ಚೋಕೆ ಹಲ್ಲೂ ಇಲ್ಲ" ಎಂದು ಅಮ್ಮ ಕೈಗೆ ಸಿಕ್ಕವರನ್ನು ಸಿಕ್ಕಲ್ಲಿ ಹಿಡಿದು ಎಳೆದಳು. ಒಬ್ಬರ ಮೇಲೊಬ್ಬರು ಬಿದ್ದರು. ದೊಡ್ಡಕ್ಕನ ಕನ್ನಡಕ ಪುಟ್ಟಿಯ ಕೂದಲಿಗೆ ಸಿಕ್ಕಿಕೊಂಡಿತು. ಗದ್ದದಕ್ಕ ಟೈಮರ್ ಒತ್ತಿ ಓಡಿದಳು. ಓಡಿ ಬಂದರೆ ಅವಳಿಗೆ ಜಾಗವೇ ಇಲ್ಲ. "ಬಾ ಬಾ!" ಎಂದು ಎಲ್ಲರೂ ಕಿರುಚಿದರು, ತಮ್ಮ ಕೈ ಚಾಚಿ ಅವಳನ್ನು ಎಳೆದುಕೊಂಡ, ಬೆಳಕು ಮಿಂಚಿತು. "ಊಟ ಆರಿಹೋಗುತ್ತೆ, ಸಾಕು" ಎಂದು ಅಮ್ಮ ಎದ್ದೇಬಿಟ್ಟಳು. ಎರಡನೆಯ ಫೋಟೋ ತೆಗೆಯಲು ಯಾರೂ ನಿಲ್ಲಲಿಲ್ಲ.

ಊಟವಾದ ಮೇಲೆ ಗದ್ದದಕ್ಕ ಕಂಪ್ಯೂಟರಿನಲ್ಲಿ ಅದನ್ನು ತೆರೆದಳು. ಗಿರಾಕಿಗಾಗಿದ್ದರೆ ಅಲ್ಲೇ ಅಳಿಸಿಹಾಕುವಂಥ ಫೋಟೋ. ಒಬ್ಬರೂ ಕ್ಯಾಮೆರಾ ನೋಡುತ್ತಿಲ್ಲ. ಅಮ್ಮ, ದೊಡ್ಡಕ್ಕ, ಪುಟ್ಟಿ, ತಮ್ಮ, ನಾಲ್ವರೂ ಬಾಯಿ ತುಂಬ ನಗುತ್ತ ನೋಡುತ್ತಿರುವುದು ಓಡಿಬರುತ್ತಿರುವ ಅವಳನ್ನು. ಅವಳ ಮುಖ ಮಾತ್ರ ಇಲ್ಲ. ತಮ್ಮನ ಮೊಣಕೈ ಅದನ್ನು ಪೂರ್ತಿ ನುಂಗಿಹಾಕಿತ್ತು.

"ಅಯ್ಯೋ, ನೀನೇ ಇಲ್ವಲ್ಲೇ!" ಎಂದಳು ಹಿಂದೆ ನಿಂತ ದೊಡ್ಡಕ್ಕ. "ಬೇರೆ ಫೋಟೋದಿಂದ ನಿನ್ನ ಮುಖ ಎತ್ತಿ ಹಾಕು. ನಿನಗೇನು, ಎಡಗೈ ಕೆಲಸ."

ಹೌದಲ್ಲ ಎಂದು ಗದ್ದದಕ್ಕ ತನ್ನದೊಂದು ಹಳೆಯ ಫೋಟೋ ಹುಡುಕತೊಡಗಿದಳು. ಅಷ್ಟರಲ್ಲಿ ಅಮ್ಮ ಬಂದು ಅವಳ ಕೈ ಮೇಲೆ ಕೈಯಿಟ್ಟಳು.

"ಬಿಡು, ಮುಟ್ಟಬೇಡ."

"ನಾನು ಕಾಣೋದೇ ಇಲ್ವಲ್ಲಮ್ಮ."

"ಇವರ ಮುಖ ಇರಲಿ ಕಣೇ, ನಾಡಿದ್ದು ಹೋಗೋರು, ಆಮೇಲೆ ನೋಡೋಕೆ ಬೇಕು. ನೀನೆಲ್ಲಿಗೆ ಹೋಗ್ತೀಯಾ? ಬೆಳಿಗ್ಗೆ ಕಣ್ಣು ಬಿಟ್ಟರೆ ಮೊದಲು ಕಾಣೋದು ನಿನ್ನ ಮುಖ. ರಾತ್ರಿ ದೀಪ ಆರಿಸೋ ಮುಂಚೆ ಕೊನೆಗೆ ಕಾಣೋದೂ ನಿನ್ನ ಮುಖ. ಅದಕ್ಕೆ ಯಾರಾದ್ರೂ ಫೋಟೋ ಇಟ್ಕೋತಾರಾ?"

ಇಷ್ಟು ವರ್ಷ ಎಲ್ಲರ ಮುಖವನ್ನೂ ನೋಡಿದ್ದ ಗದ್ದದಕ್ಕನಿಗೆ ತನ್ನ ಮುಖವನ್ನೂ ಒಬ್ಬರು ದಿನಾ ಹೀಗೆ ನೋಡುತ್ತಿದ್ದರು ಎಂಬುದು ಆವರೆಗೆ ಹೊಳೆದಿರಲಿಲ್ಲ. ಅವಳಿಗೆ ಅಳು ಉಕ್ಕಿ ಬಂತು, ತಡೆಯಲೂ ಹೋಗಲಿಲ್ಲ. ಆ ಫೋಟೋವನ್ನು ಇದ್ದ ಹಾಗೆಯೇ ದೊಡ್ಡದಾಗಿ ಪ್ರಿಂಟ್ ಹಾಕಿ, ಮೂವರಿಗೂ ಒಂದೊಂದು ಕವರಿಗೆ ಹಾಕಿ ಕೊಟ್ಟಳು. ತನಗೆಂದು ಒಂದೂ ಇಟ್ಟುಕೊಳ್ಳಲಿಲ್ಲ.